ಬರೆಯೋದು ಲೀಸೆಸ್ಟರ್, ಕರೆಯೋದು ಲೆಸ್ಟರ್!

ಪ್ರಶ್ನೆ: ಮಗಳು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಓದುತ್ತಿದ್ದಾಳೆ. ವಿಳಾಸದ ಅಕ್ಷರ ನೋಡಿ ನಾನು ‘ಲೀಸೆಸ್ಟರ್’ ಅಂದೆ. ‘ಅಪ್ಪಾ, ಹಂಗಲ್ಲ’ ಅಂದಳು. ಹೀಗ್ಯಾಕೆ? ಸುತ್ತಲಿನ ಊರುಗಳು ಓಡ್‌ಬಿ, ಬ್ಲೇಬಿ, ಎಂಡರ್‌ಬಿ ಅಂತೆ. ಈ ‘ಬಿ’ ಅಂದರೇನು?
– ಒಬ್ಬ ಓದುಗರು, ಸಿರುಗುಪ್ಪ

ಉತ್ತರ: ‘ಬಿ’ ಮೂಲದಲ್ಲಿ ಇಂಗ್ಲಿಷ್ ಮಾತೇ ಅಲ್ಲ. 9ನೇ ಶತಮಾನದಲ್ಲಿ ಡೆನ್ಮಾರ್ಕ್ ಕಡೆಯಿಂದ ದಂಡೆತ್ತಿ ಬಂದವರು ಆ ಸೀಮೆಯಲ್ಲೇ ನೆಲೆ ನಿಂತರು. ಅವರ ಮಾತಿನಲ್ಲಿ ‘ಬಿ’ ಅಂದರೆ ಹಳ್ಳಿ. ಅವರಿಗಿಂತ ಮೊದಲಿದ್ದ ಇಂಗ್ಲಿಷರ ಊರುಗಳಿಗೆ ‘ಹ್ಯಾಮ್’, ‘ಟನ್’ ಅಂತ ಬಾಲ ಇರುತ್ತೆ, ಒಂದು ಮನೆ, ಇನ್ನೊಂದು ಬೇಲಿ ಹಾಕಿದ ಹೊಲಮನೆ. ಲೆಸ್ಟರ್‌ನ ಬಾಲ ಇನ್ನೂ ಹಳೇದು, ರೋಮನ್ನರ ದಂಡಿನ ಪಾಳೆಯಕ್ಕೆ ಲ್ಯಾಟಿನ್ನಿನಲ್ಲಿದ್ದ ‘ಕಾಸ್ಟ್ರ’ ಅನ್ನೋ ಪದದಿಂದ ಬಂದದ್ದು.

ಇನ್ನು ಕಾಗುಣಿತ. ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದಿದ್ದ ವಿಲಿಯಂ ದೊರೆ 1086ರಲ್ಲಿ ದೇಶದ ಬಹುಪಾಲು ಜಮೀನಿನ ಲೆಕ್ಕ ಬರೆಸಿದ. ಅದೇ ಡೂಮ್ಸ್‌ಡೇ ದಫ್ತರು, 13 ಸಾವಿರಕ್ಕೂ ಜಾಸ್ತಿ ಊರುಗಳು ಅದರಲ್ಲಿವೆ. ನಮ್ಮ ಕಡೆ ಕರಣಂ ಬರೆದಂಗೆ ಅಲ್ಲಿ ಗುಮಾಸ್ತರು ಬರೆದರು, ಆದರೆ ಬರೆದದ್ದು ಲ್ಯಾಟಿನ್ನಿನಲ್ಲಿ, ಆಳುವವರ ಮಾತು ಫ್ರೆಂಚ್, ಹೆಸರು ಹೇಳಿದ ಹಳ್ಳಿಯವರದ್ದು ಇಂಗ್ಲಿಷ್. ಕಿವಿಗೆ ಬಿದ್ದದ್ದೇ ಅಕ್ಷರ ಆಯ್ತು. ನಾಟಿಂಗ್‌ಹ್ಯಾಮ್ ಅದರಲ್ಲಿ ‘ಸ್ನೋಟಿಂಗೆಹಾಮ್’. ಸ್ನಾಟ್ ಅನ್ನುವವನ ಜನರ ಊರು ಅಂತ ಅರ್ಥ. ಮುಂದಿನ ‘ಸ್’ ಆಮೇಲೆ ಬಿದ್ದುಹೋಯಿತು.

1476ರಲ್ಲಿ ಅಲ್ಲಿಗೆ ಅಚ್ಚಿನ ಯಂತ್ರ ಬಂತು. ಅಲ್ಲಿಂದಾಚೆಗೆ ಕಾಗುಣಿತ ನಿಧಾನಕ್ಕೆ ಗಟ್ಟಿಯಾಗಿ ಕೂತಿತು, ಜನರ ಬಾಯಿ ಮಾತ್ರ ಕೂರಲಿಲ್ಲ. ಹೆಸರು ಸವೆಯುತ್ತಾ ಹೋಯಿತು, ಹಳೇ ಅಕ್ಷರ ಬೋರ್ಡಿನ ಮೇಲೆ ಉಳಿಯಿತು. ಕನ್ನಡದಲ್ಲಿ ಬಾಯಿ ಬದಲಾದರೆ ಅಕ್ಷರವೂ ಜೊತೆಗೇ ಬರುತ್ತೆ. ಪಳ್ಳಿ ಹಳ್ಳಿಯಾಯಿತು, ಹಾಗೇ ಬರೆದೆವು. ಆ ಡೆನ್ಮಾರ್ಕಿನವರು ಬಂದ ಶತಮಾನದ್ದೇ ಆದ ‘ಕವಿರಾಜಮಾರ್ಗ’ದಲ್ಲಿ ಇರೋದು ಕೊಪಣ, ಇವತ್ತು ಬರೆಯೋದು ಕೊಪ್ಪಳ. ನಮ್ಮಲ್ಲಿ ತೊಡಕಾಗಿದ್ದು ಇಂಗ್ಲಿಷಿನಲ್ಲಿ ಬರೆದ ಕಡೆ. ಬಳ್ಳಾರಿಯಲ್ಲಿ ಯಾರೂ ಬಾಯಲ್ಲಿ ಹೇಳದ ‘ಬೆಲ್ಲಾರಿ’ ಇಂಗ್ಲಿಷ್ ಬೋರ್ಡುಗಳಲ್ಲಿ 2014ರ ನವೆಂಬರ್ 1ರವರೆಗೂ ಸರ್ಕಾರಿ ಹೆಸರಾಗಿತ್ತು. ಅವತ್ತು ಅದು ಹೋಗಿದ್ದು ನನಗೆ ನಿಜಕ್ಕೂ ಖುಷಿ.

ಮಗಳಿಗೆ ಪಾರ್ಸೆಲ್ ಕಳಿಸುವಾಗ ಅವರ ಕಾಗುಣಿತವನ್ನೇ ಬರೆಯಿರಿ. ಕನ್ನಡದಲ್ಲಿ ಬರೆಯುವಾಗ ಮಾತ್ರ ಅಲ್ಲಿನವರು ಕರೆಯೋ ಹಾಗೆ ಲೆಸ್ಟರ್ ಅಂತಲೇ ಇರಲಿ.