ಅಕ್ಕ ಹೇಳಿಕೊಳ್ಳುತ್ತಾಳೆ, ಅಣ್ಣ ಬಾಯಿ ಬಿಡುವುದಿಲ್ಲ

ಪ್ರಶ್ನೆ: ನನ್ನ ಅಕ್ಕನಿಗೆ ಎರಡು ವರ್ಷದಿಂದ ಖಿನ್ನತೆ. ಮಾತ್ರೆ ತೆಗೆದುಕೊಳ್ಳುತ್ತಾಳೆ. ‘ಸತ್ತರೆ ಸಾಕು’ ಅಂತ ಆಗಾಗ ಅಳುತ್ತಾಳೆ, ಒಮ್ಮೆ ಪ್ರಯತ್ನವನ್ನೂ ಮಾಡಿದ್ದಳು. ಈಗ ಅಣ್ಣನಿಗೂ ಖಿನ್ನತೆ ಅಂತ ಡಾಕ್ಟರ್ ಹೇಳಿದ್ದಾರೆ. ಅವನು ಏನೂ ಹೇಳುವುದಿಲ್ಲ, ಕುಡಿಯುವುದು ಜಾಸ್ತಿಯಾಗಿದೆ, ಎಲ್ಲರ ಮೇಲೂ ರೇಗುತ್ತಾನೆ. ‘ಅಕ್ಕನದು ಬರೀ ಬೆದರಿಕೆ, ಅಣ್ಣ ಗಂಡಸು, ಗಟ್ಟಿ ಇದ್ದಾನೆ’ ಅಂತಾರೆ ಮನೆಯವರು. ಖಿನ್ನತೆ ಹೆಂಗಸರಿಗೆ ಜಾಸ್ತಿ, ಆತ್ಮಹತ್ಯೆ ಗಂಡಸರಲ್ಲಿ ಜಾಸ್ತಿ ಅಂತ ಎಲ್ಲೋ ಓದಿದೆ. ನಿಜವಾ? ನಾನು ಯಾರ ಬಗ್ಗೆ ಹೆಚ್ಚು ಹುಷಾರಾಗಿರಬೇಕು?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ತಂಗಿ, ಮನೆಯವರು ಹೇಳುವ ಎರಡು ಮಾತೂ ತಪ್ಪು. ‘ಬೆದರಿಕೆ’ ಅನ್ನುವ ಮಾತನ್ನು ಇವತ್ತೇ ನಿಲ್ಲಿಸಿ. ಒಮ್ಮೆ ಪ್ರಯತ್ನ ಮಾಡಿದವರಿಗೆ ಮುಂದೆಯೂ ಅಪಾಯ ಜಾಸ್ತಿ, ಅದು ಹೆಣ್ಣಾಗಲಿ ಗಂಡಾಗಲಿ. ಅಕ್ಕ ಬಾಯಿಬಿಟ್ಟು ಹೇಳುತ್ತಿದ್ದಾಳಲ್ಲ, ಅದು ಸಹಾಯ ಕೇಳುವ ರೀತಿ. ಕೇಳಿಸಿಕೊಳ್ಳುವವರಿಲ್ಲ ಅನಿಸಿದರೆ ಅವಳು ಹೇಳುವುದನ್ನೂ ಬಿಟ್ಟುಬಿಡಬಹುದು.

ನೀವು ಓದಿದ್ದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಒಂದೂವರೆ ಪಟ್ಟು. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ 1,70,924 ಜನರಲ್ಲಿ ನೂರಕ್ಕೆ ಸುಮಾರು 72 ಮಂದಿ ಗಂಡಸರು. ನಮ್ಮ ರಾಜ್ಯದಲ್ಲೇ ಆ ವರ್ಷ 13,606 ಸಾವು. ಇದು ಎಲ್ಲ ಆತ್ಮಹತ್ಯೆಗಳ ಲೆಕ್ಕ, ಖಿನ್ನತೆ ಇದ್ದವರದ್ದು ಮಾತ್ರ ಅಲ್ಲ. ಹಾಗಂತ ಹೆಂಗಸರಿಗೆ ಅಪಾಯ ಕಡಿಮೆ ಅಂದುಕೊಳ್ಳಬೇಡಿ. ಅದೇ ವರ್ಷ ಸತ್ತ 48,172 ಹೆಂಗಸರಲ್ಲಿ 25,309 ಮಂದಿ ಗೃಹಿಣಿಯರು, ಅಂದರೆ ಅರ್ಧಕ್ಕಿಂತ ಜಾಸ್ತಿ. ಈ ಅಂಕಿ ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪ್ರಯತ್ನ ಮಾಡುವವರಲ್ಲಿ ಹೆಂಗಸರೇ ಜಾಸ್ತಿ, ಅವರನ್ನೇ ನಾವು ‘ನಾಟಕ’ ಅಂತ ತಳ್ಳಿಹಾಕುತ್ತೇವೆ.

ಗಂಡಸರ ಕಷ್ಟ ಬೇರೆ ಥರ. ಒಬ್ಬರು ಹೆಂಡತಿಯನ್ನು ನನ್ನ ಹತ್ತಿರ ಕರೆದುಕೊಂಡು ಬರುತ್ತಿದ್ದರು. ಪ್ರತಿ ಸಲವೂ ಒಳಗೆ ಬರದೆ ಹೊರಗಿನ ಬೆಂಚಿನ ಮೇಲೆ ಕೂತು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿ, ಮತ್ತೆ ತೆಗೆದು, ಮತ್ತೆ ಮಡಿಚುತ್ತಿದ್ದರು. ಮೂರನೇ ಸಲ, ಹೆಂಡತಿ ಆಗಲೇ ಬಸ್ ನಿಲ್ದಾಣದ ಕಡೆ ಹೊರಟ ಮೇಲೆ, ಬಾಗಿಲಲ್ಲಿ ನಿಂತು ‘ನಿದ್ದೆ ಬರೋಕೆ ಏನಾದ್ರೂ ಕೊಡ್ತೀರಾ ಮೇಡಂ?’ ಅಂದರು. ಕೂರಿಸಿ ಕೇಳಿದರೆ ಆರು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ, ಮೈತುಂಬ ಸಾಲ, ಬದುಕೇ ಬೇಡ ಅನಿಸಿದೆ, ಯಾರಿಗೂ ಹೇಳಿಲ್ಲ. ಅವರ ಮುಖ ನೋಡಿದರೆ ಯಾರೂ ಖಿನ್ನತೆ ಅನ್ನುತ್ತಿರಲಿಲ್ಲ, ಸಿಡುಕ ಅನ್ನುತ್ತಿದ್ದರು, ಅಷ್ಟೇ.

ಗಂಡಸರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಕಾಣುವುದಿಲ್ಲ. ಸಿಟ್ಟು, ಕುಡಿತ, ಮಾತು ನಿಲ್ಲಿಸುವುದು, ಹೊತ್ತುಗೊತ್ತಿಲ್ಲದೆ ದುಡಿಯುವುದು, ಬೈಕ್ ಜೋರಾಗಿ ಓಡಿಸುವುದು, ಹೀಗೆ ಕಾಣುತ್ತದೆ. ಅದರಲ್ಲೂ ಕುಡಿತ ತುಂಬಾ ಕೆಟ್ಟದ್ದು, ಏಕೆಂದರೆ ಅದು ಖಿನ್ನತೆಯನ್ನೂ ಹೆಚ್ಚಿಸುತ್ತದೆ, ಆ ಕ್ಷಣದಲ್ಲಿ ತಡೆದುಕೊಳ್ಳುವ ಶಕ್ತಿಯನ್ನೂ ಕಿತ್ತುಕೊಳ್ಳುತ್ತದೆ. ಹೇಳಿಕೊಳ್ಳದವನಿಗೆ ಚಿಕಿತ್ಸೆಯೂ ಸಿಗುವುದಿಲ್ಲ ಅಲ್ವಾ? ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆ ಇದ್ದ ನೂರು ಜನರಲ್ಲಿ ಸುಮಾರು 85 ಮಂದಿ ಚಿಕಿತ್ಸೆ ಇಲ್ಲದೆಯೇ ಇದ್ದರು. ನಿಮ್ಮ ಅಣ್ಣ ಡಾಕ್ಟರ್ ತನಕ ಹೋಗಿದ್ದಾನೆ, ಅದೇ ದೊಡ್ಡದು.

ಹಾಗಾಗಿ ‘ಯಾರ ಬಗ್ಗೆ ಹೆಚ್ಚು’ ಅಂತ ತೂಕ ಹಾಕಬೇಡಿ. ಅಕ್ಕನಿಗೆ ಹಿಂದಿನ ಪ್ರಯತ್ನದ ಅಪಾಯ, ಅಣ್ಣನಿಗೆ ಮೌನ ಮತ್ತು ಕುಡಿತದ ಅಪಾಯ. ಇಬ್ಬರ ಡಾಕ್ಟರಿಗೂ ನೀವೇ ಹೋಗಿ ಇದನ್ನು ಹೇಳಿ. ಅಣ್ಣ ತಾನಾಗಿ ಕುಡಿತದ ವಿಷಯ ಹೇಳಿರುವುದು ಅನುಮಾನ.

ಅಣ್ಣನ ಹತ್ತಿರ ಮಾತಾಡಲು ಎದುರು ಕೂರಿಸಿಕೊಳ್ಳಬೇಡಿ. ತೋಟಕ್ಕೋ ಅಂಗಡಿಗೋ ಜೊತೆಗೆ ನಡೆಯುವಾಗ ಕೇಳಿ. ‘ಅಣ್ಣ, ತುಂಬಾ ಕಷ್ಟ ಆದಾಗ ಸಾಯಬೇಕು ಅನ್ಸುತ್ತಾ?’ ಅಂತ ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅನ್ನುವ ಹೆದರಿಕೆ ಬೇಡ, ಹಾಗೆ ಆಗುವುದಿಲ್ಲ. ಎಷ್ಟೋ ಜನಕ್ಕೆ ಎದೆಯ ಭಾರ ಇಳಿದ ಹಾಗಾಗುತ್ತದೆ. ‘ಹೌದು’ ಅಂದರೆ ಬುದ್ಧಿ ಹೇಳಬೇಡಿ, ಆಣೆ ಹಾಕಿಸಬೇಡಿ, ಸುಮ್ನೆ ಕೇಳಿಸಿಕೊಳ್ಳಿ, ಒಂಟಿಯಾಗಿ ಬಿಡಬೇಡಿ, ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಮನೆಯ ಮಾತ್ರೆಗಳ ಡಬ್ಬ ನಿಮ್ಮ ಕೈಯಲ್ಲಿರಲಿ, ಒಂದೊಂದು ದಿನದ್ದು ಮಾತ್ರ ಕೊಡಿ. ತೋಟಕ್ಕೆ ಹೊಡೆಯುವ ಔಷಧಿ ಸದ್ಯಕ್ಕೆ ಮನೆಯಲ್ಲಿ ಬೇಡ, ನಂಬಿಕಸ್ಥರ ಹತ್ತಿರ ಬೀಗ ಹಾಕಿ ಇಡಿಸಿ. ಅಣ್ಣನಿಗೆ ಮಾತ್ರೆ ಹೊಸದಾಗಿ ಶುರುವಾಗಿದ್ದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ, ಅಷ್ಟು ದಿನ ಜಾಸ್ತಿ ಹುಷಾರಾಗಿರಿ. ‘ಈಗ ಆರಾಮಿದ್ದೀನಿ’ ಅಂತ ಅಕ್ಕನೂ ತಾನಾಗಿ ಮಾತ್ರೆ ಬಿಡಬಾರದು.

ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಅಕ್ಕನ ಹಳೆಯ ಪ್ರಯತ್ನವನ್ನು ಡಾಕ್ಟರಿಗೆ ಮುಚ್ಚಿಟ್ಟಿದ್ದರೆ, ಆ ಹೆದರಿಕೆ ಬಿಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿರುವವರು ಅಂತಲೇ ನೋಡುತ್ತದೆ, ಅವರ ಆರೈಕೆ ಸರ್ಕಾರದ ಹೊಣೆ ಅನ್ನುತ್ತದೆ.

ರಾತ್ರಿ ಯಾವ ಹೊತ್ತಿನಲ್ಲಾದರೂ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜೀವಕ್ಕೆ ಅಪಾಯ ಅನಿಸಿದರೆ ಕಾಯದೆ 108ಕ್ಕೆ ಕರೆ ಮಾಡಿ. ಇಬ್ಬರನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದೀರಿ, ಆ 14416 ನಿಮಗೂ ಇದೆ. ಅಣ್ಣನ ಜೊತೆ ಮಾತಾಡಿದ ಮೇಲೆ ಇನ್ನೊಂದು ಪತ್ರ ಬರೆಯಿರಿ, ಕಾಯುತ್ತಿರುತ್ತೇನೆ.