ಪರೀಕ್ಷೆ ಬರೆಯುವುದು ಬೇರೆ, ಕೆಲಸ ಬಿಡುವುದು ಬೇರೆ

ಹೆಸರು, ಊರು, ಕೆಲಸದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆ ಕುಟುಂಬದ ಒಪ್ಪಿಗೆ ಇದೆ.

ಸಹನಾಗೆ 25 ವರ್ಷ. ಹಾಸನ ಜಿಲ್ಲೆಯ ಹುಡುಗಿ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಸೇರಿ ಎರಡೂವರೆ ವರ್ಷವಾಗಿತ್ತು, ಕೈಗೆ 38 ಸಾವಿರ ಬರುತ್ತಿತ್ತು. ಹೋದ ವರ್ಷ ಜುಲೈ ಕೊನೆಯಲ್ಲಿ ಸಲಹೆ ಕೇಳಲು ನನ್ನ ಹತ್ತಿರ ಬಂದಳು. ಎಂಬಿಎಗೆ ಈ ವರ್ಷವೇ ಅರ್ಜಿ ಹಾಕಬೇಕಾ, ಇನ್ನೆರಡು ವರ್ಷ ಕಾಯಬೇಕಾ ಎನ್ನುವುದು ಅವಳ ಪ್ರಶ್ನೆ.

ಕೇಳಿದವರೆಲ್ಲ ಒಂದೊಂದು ಉತ್ತರ ಕೊಟ್ಟಿದ್ದರು. ಕೋಚಿಂಗ್ ಕ್ಲಾಸಿನವರು ಈಗಲೇ ಬರೆಯಿರಿ, ತಡ ಮಾಡಿದರೆ ಕಷ್ಟ ಎಂದಿದ್ದರು. ಟೀಮ್ ಲೀಡ್ ಐದು ವರ್ಷವಾದರೂ ಕೆಲಸ ಮಾಡದೆ ಎಂಬಿಎ ಮಾಡಿದರೆ ಸುಮ್ನೆ ದಂಡ ಎಂದಿದ್ದ. ಪಿಜಿಯಲ್ಲಿ ಜೊತೆಗಿದ್ದ ಗೆಳತಿ ಕೆಲಸ ಬಿಟ್ಟು ಓದಲು ಕೂತಿದ್ದಳು. ನೀನೂ ಬಿಟ್ಟುಬಿಡು, ಆಫೀಸಿಗೆ ಹೋಗಿಕೊಂಡು ಕ್ಯಾಟ್ ಆಗಲ್ಲ ಎಂದು ದಿನಾ ಹೇಳುತ್ತಿದ್ದಳು. ಕ್ಯಾಟ್ ಎಂದರೆ ಐಐಎಂಗಳ ಎಂಬಿಎ ಪ್ರವೇಶ ಪರೀಕ್ಷೆ. ಅಮ್ಮ ಜಾತಕ ಹೊರಗೆ ತೆಗೆದಿದ್ದರು. ಅಪ್ಪ ಮಾತ್ರ "ಈ ವರ್ಷವೇ ಆಗಲಿ ಪುಟ್ಟಿ" ಎಂದು ಬಿಡದೆ ಹೇಳುತ್ತಿದ್ದರು.

ಅವಳು ಬಂದ ಹೊತ್ತಿಗೆ ರಾಜೀನಾಮೆ ಪತ್ರ ಮೇಲ್‌ನಲ್ಲಿ ಡ್ರಾಫ್ಟ್ ಆಗಿ ಕೂತಿತ್ತು. ನೋಟಿಸ್ ಅವಧಿ 90 ದಿನ. ಆಗಸ್ಟ್ ಮೊದಲ ವಾರ ಕಳಿಸಿದರೆ ನವೆಂಬರ್ ಮೊದಲ ವಾರ ಬಿಡುಗಡೆ, ಕ್ಯಾಟ್ ಇರುವುದು ನವೆಂಬರ್ ಕೊನೆಗೆ. ಅಂದರೆ ಸರಿಯಾಗಿ ಓದಲು ಸಿಗುವುದು ಮೂರು ವಾರ. ಆ ಮೂರು ವಾರಕ್ಕಾಗಿ ಕೆಲಸ ಹೋಗುತ್ತದೆ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅವಳು ಈ ಲೆಕ್ಕ ಹಾಕಿಯೇ ಇರಲಿಲ್ಲ. ಕೆಲಸ ಅಷ್ಟು ಬೇಸರ ಬಂದಿತ್ತು.

ಇಂಥ ಯುವಕ ಯುವತಿಯರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ನೀವು ಎರಡು ನಿರ್ಧಾರಗಳನ್ನು ಗಂಟು ಹಾಕಿದ್ದೀರಿ, ಬಿಚ್ಚಿ. ಪರೀಕ್ಷೆ ಬರೆಯುವುದು ಒಂದು, ಕೆಲಸ ಬಿಟ್ಟು ಓದಲು ಹೋಗುವುದು ಇನ್ನೊಂದು. ಇವೆರಡರ ನಡುವೆ ಆರೇಳು ತಿಂಗಳ ಅಂತರ ಇದೆ. ಕ್ಯಾಟ್‌ಗೆ ನೋಂದಣಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಶುರುವಾಗಿ ಸೆಪ್ಟೆಂಬರ್‌ನಲ್ಲಿ ಮುಗಿಯುತ್ತದೆ. ಪರೀಕ್ಷೆ ನವೆಂಬರ್ ಕೊನೆಯ ಭಾನುವಾರದ ಆಸುಪಾಸು. ಬೇರೆ ಎಂಬಿಎ ಪ್ರವೇಶ ಪರೀಕ್ಷೆಗಳಾದ ಸ್ನ್ಯಾಪ್ ಡಿಸೆಂಬರ್‌ನಲ್ಲಿ, ಎಕ್ಸ್‌ಎಟಿ ಜನವರಿಯಲ್ಲಿ. ಹೊಸ ವರ್ಷ ಹುಟ್ಟಿದ ಮೇಲೆ ಸಂದರ್ಶನಗಳು. ಸೀಟು ಸಿಕ್ಕಿತೋ ಇಲ್ಲವೋ ಗೊತ್ತಾಗುವುದು ಏಪ್ರಿಲ್, ಮೇ ಹೊತ್ತಿಗೆ. ತರಗತಿ ಶುರುವಾಗುವುದು ಜೂನ್ ಹೊತ್ತಿಗೆ. ಜುಲೈನಲ್ಲಿ ಕೂತು ಮುಂದಿನ ಮೇ ತಿಂಗಳ ನಿರ್ಧಾರಕ್ಕೆ ಯಾಕೆ ಒದ್ದಾಡಬೇಕು ಹೇಳಿ.

ಇನ್ನು ಅನುಭವದ ವಿಷಯ. ಟೀಮ್ ಲೀಡ್ ಹೇಳಿದ್ದೂ ಸುಳ್ಳಲ್ಲ, ಕೋಚಿಂಗ್‌ನವರು ಹೇಳಿದ್ದೂ ಸುಳ್ಳಲ್ಲ. ಒಬ್ಬೊಬ್ಬರು ಒಂದೊಂದು ಕೋರ್ಸಿನ ಬಗ್ಗೆ ಮಾತಾಡುತ್ತಿದ್ದರು, ಅಷ್ಟೇ. ಐಐಎಂಗಳ ಎರಡು ವರ್ಷದ ಕೋರ್ಸಿಗೆ ಅನುಭವವೇ ಇಲ್ಲದವರೂ ಸೇರುತ್ತಾರೆ, ಎರಡು ಮೂರು ವರ್ಷ ದುಡಿದವರೂ ಸೇರುತ್ತಾರೆ. ಆಯ್ಕೆಯಲ್ಲಿ ಅನುಭವಕ್ಕೆ ಅಂಕ ಇರುವ ಕಡೆಯೂ ಅದು ಒಂದು ಮಿತಿ ದಾಟಿದ ಮೇಲೆ ಏರುವುದಿಲ್ಲ. ಐದಾರು ವರ್ಷ ಆದವರಿಗೆ ಅಲ್ಲಿ ಕ್ಯಾಂಪಸ್‌ನಲ್ಲಿ ಸಿಗುವ ಕೆಲಸಗಳೂ ಅಷ್ಟಾಗಿ ಹೊಂದುವುದಿಲ್ಲ, ಬಹಳಷ್ಟು ಹುದ್ದೆಗಳು ಹೊಸಬರನ್ನು ಲೆಕ್ಕದಲ್ಲಿಟ್ಟುಕೊಂಡು ಮಾಡಿದವು. ಅಂಥವರಿಗೆ ಒಂದು ವರ್ಷದ ಕೋರ್ಸುಗಳೇ ಬೇರೆ ಇವೆ. ಬೆಂಗಳೂರು ಐಐಎಂನ ಇಪಿಜಿಪಿಗೆ ಕನಿಷ್ಠ ಐದು ವರ್ಷ ಬೇಕು, ಅಹಮದಾಬಾದ್‌ನ ಪಿಜಿಪಿಎಕ್ಸ್‌ಗೆ ನಾಲ್ಕು. ಹೈದರಾಬಾದ್ ಮತ್ತು ಮೊಹಾಲಿಯಲ್ಲಿರುವ ಐಎಸ್‌ಬಿ ಎಂಬ ಬಿಸಿನೆಸ್ ಸ್ಕೂಲಿನ ಪಿಜಿಪಿಗೆ ಎರಡು ವರ್ಷ ಸಾಕು. ಈ ಕೋರ್ಸುಗಳಿಗೆ ಜಿಮ್ಯಾಟ್ ಅಥವಾ ಜಿಆರ್‌ಇ ಎಂಬ ಅಂತರರಾಷ್ಟ್ರೀಯ ಪ್ರವೇಶ ಪರೀಕ್ಷೆ ನಡೆಯುತ್ತದೆ, ಅದರ ಅಂಕ ಐದು ವರ್ಷ ಬಾಳುತ್ತದೆ. ಕ್ಯಾಟ್ ಅಂಕ ಆ ಒಂದು ವರ್ಷದ ಪ್ರವೇಶಕ್ಕೆ ಮಾತ್ರ.

ಹಾಗಾಗಿ ಸಹನಾಗೆ ಬಾಗಿಲು ಮುಚ್ಚಿಹೋಗುವ ಭಯ ಬೇಕಿರಲಿಲ್ಲ. ಕ್ಯಾಟ್‌ಗೆ ವಯಸ್ಸಿನ ಮಿತಿ ಇಲ್ಲ, ಇಷ್ಟೇ ಸಲ ಬರೆಯಬೇಕು ಎಂಬ ಕಟ್ಟುಪಾಡೂ ಇಲ್ಲ. ಅರ್ಜಿ ಹಾಕುವಾಗ ಎರಡೂವರೆ ವರ್ಷ ಇದ್ದ ಅನುಭವ ಸೇರುವ ಹೊತ್ತಿಗೆ ಮೂರೂವರೆಯ ಹತ್ತಿರ ಬರುತ್ತದೆ. ಎರಡು ವರ್ಷದ ಕೋರ್ಸಿಗೆ ಅದು ಒಳ್ಳೆಯ ಸಮಯವೇ. ಈ ವರ್ಷ ಬರೆ, ಕೆಲಸ ಬಿಡಬೇಡ ಎಂದೆ.

"ಮತ್ತೆ ಓದೋದು ಯಾವಾಗ ಮೇಡಂ?"

ಕ್ಯಾಟ್ ಎರಡು ಗಂಟೆಯ ಪರೀಕ್ಷೆ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವುದು, ಅಂಕಿಅಂಶ ಮತ್ತು ತರ್ಕ, ಗಣಿತ ಎಂದು ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಎಂಜಿನಿಯರಿಂಗ್ ಮಾಡಿದ ಹುಡುಗಿಗೆ ಅಲ್ಲಿ ಹೊಸ ಪಾಠ ಕಡಿಮೆ, ಅಭ್ಯಾಸ ಜಾಸ್ತಿ ಬೇಕು. ಬೆಳಿಗ್ಗೆ ಒಂದೂವರೆ ಗಂಟೆ, ಭಾನುವಾರ ಒಂದು ಪೂರ್ತಿ ಅಣಕು ಪರೀಕ್ಷೆ, ಮಾಡಿದ ತಪ್ಪುಗಳನ್ನು ಅದೇ ದಿನ ಕೂತು ನೋಡುವುದು. ರಜೆ ಉಳಿಸಿಕೊಂಡು ಪರೀಕ್ಷೆಗೆ ಮುಂಚಿನ ಹತ್ತು ದಿನ ತೆಗೆದುಕೊಳ್ಳುವುದು. ಇಷ್ಟು ಯೋಜನೆ ಮಾಡಿದೆವು. ಅವಳ ಹತ್ತಿರ ಸಿಇಟಿ ಸಮಯದಲ್ಲಿ ಮಾಡಿಸಿದ, ರಾಜ್ಯದ ಹಿಂದುಳಿದ ವರ್ಗದ 2ಎ ಪ್ರಮಾಣಪತ್ರ ಇತ್ತು, ಅದೇ ಸಾಕು ಅಂದುಕೊಂಡಿದ್ದಳು. ಸಾಕಾಗಲ್ಲ. ಐಐಎಂಗಳು ಕೇಳುವುದು ಕೇಂದ್ರದ ನಮೂನೆಯ ಒಬಿಸಿ ಕೆನೆಪದರ ರಹಿತ ಪ್ರಮಾಣಪತ್ರ. ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯೇ ಎಂದು ಬೇರೆಯಾಗಿ ನೋಡಬೇಕು, ಆದಾಯದ ನಿಯಮ ಬೇರೆ, ದಿನಾಂಕವೂ ಅವರು ಹೇಳಿದ ಅವಧಿಯೊಳಗೆ ಇರಬೇಕು. ತಾಲ್ಲೂಕು ಕಚೇರಿಗೆ ಆಗಸ್ಟ್‌ನಲ್ಲೇ ಹೋಗು ಎಂದೆ. ಕೊನೆ ಗಳಿಗೆಯಲ್ಲಿ ಈ ಒಂದು ಕಾಗದಕ್ಕೆ ಅಲೆದಾಡುವ ಮಕ್ಕಳನ್ನು ನೋಡಿದರೆ ಸಂಕಟವಾಗುತ್ತದೆ.

ಅಪ್ಪ ಯಾಕೆ ಈ ವರ್ಷವೇ ಅಂತಾರೆ ಎನ್ನುವುದು ಮಾತ್ರ ನನಗೆ ಅರ್ಥವಾಗಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಅಪ್ಪನಿಗೆ ಮಗಳು ದೊಡ್ಡ ಓದು ಓದಬೇಕೆಂಬ ಆಸೆ ಅಂದುಕೊಂಡಿದ್ದಳು. ಕೆಲಸ ಬೇಸರ ಬಂದಿದೆ ಎಂದು ಅವರಿಗೆ ಹೇಳೇ ಇರಲಿಲ್ಲ. ಅಪ್ಪ ಅಮ್ಮನನ್ನು ಕರೆದುಕೊಂಡು ಬಾ ಎಂದೆ.

ತಂದೆ ಪ್ರೌಢಶಾಲೆ ಮೇಷ್ಟ್ರು. ನಿವೃತ್ತಿಗೆ ಇನ್ನು ಎರಡು ವರ್ಷವೂ ಇರಲಿಲ್ಲ. ಚಿಕ್ಕ ಮಗ ಎರಡನೇ ಪಿಯುಸಿ. ಸ್ವಲ್ಪ ಹೊತ್ತು ಮಗಳ ಓದಿನ ಬಗ್ಗೆಯೇ ಹೇಳಿದರು. ಆಮೇಲೆ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರಲ್ಲಿ ಮನೆಯ ಪತ್ರ.

"ನಾನು ಸರ್ವಿಸ್‌ನಲ್ಲಿ ಇರುವಾಗಲೇ ಸಾಲ ಆಗಿಬಿಡಲಿ ಅಂತ ಮೇಡಂ. ಆಮೇಲೆ ಪೆನ್ಶನ್ ತಗೊಳ್ಳೋನಿಗೆ ಯಾವ ಬ್ಯಾಂಕಿನವರು ಕೊಡ್ತಾರೆ?"

ಸಹನಾ ಅಪ್ಪನ ಮುಖವನ್ನೇ ನೋಡುತ್ತಾ ಕೂತಳು. ಮನೆ ಅಡ ಇಡುವ ಮಾತು ಅವಳಿಗೆ ಗೊತ್ತೇ ಇರಲಿಲ್ಲ. ಈ ವರ್ಷವೇ ಎಂಬ ಅವಸರ ಹುಟ್ಟಿದ್ದು ಕಾಲೇಜಿನಿಂದಲ್ಲ, ಮೇಷ್ಟ್ರ ನಿವೃತ್ತಿಯ ದಿನಾಂಕದಿಂದ.

ಇಲ್ಲಿ ಮೇಷ್ಟ್ರಿಗೆ ಕೆಲವು ವಿಷಯ ಬಿಡಿಸಿ ಹೇಳಬೇಕಾಯಿತು. ಒಳ್ಳೆಯ ಹೆಸರಿರುವ ಸಂಸ್ಥೆಗಳಿಗೆ ಬ್ಯಾಂಕುಗಳು ಅಡಮಾನ ಇಲ್ಲದೆಯೇ ಸಾಲ ಕೊಡುತ್ತವೆ. ಓದಿ ಮುಗಿಸಿದವರು ತೀರಿಸುತ್ತಾರೆ ಎಂಬ ನಂಬಿಕೆ ಅದು. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲೂ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಅಡಮಾನವೂ ಬೇಡ, ಜಾಮೀನುದಾರರೂ ಬೇಡ. ಮನೆ ಪತ್ರ ಕೇಳುವ ಪ್ರಸಂಗ ಬರುವುದು ಹೆಚ್ಚಾಗಿ ಅಷ್ಟು ಹೆಸರಿಲ್ಲದ, ಆದರೆ ಶುಲ್ಕ ದೊಡ್ಡದಿರುವ ಕಾಲೇಜುಗಳಿಗೆ. ಬ್ಯಾಂಕು ಧೈರ್ಯ ಮಾಡದ ಕಡೆ ನೀವು ಮನೆ ಇಟ್ಟು ಧೈರ್ಯ ಮಾಡಬೇಡಿ ಸರ್ ಎಂದೆ.

ಆಮೇಲೆ ಮೂವರೂ ಸೇರಿ ಲೆಕ್ಕ ಹಾಕಿದರು. ಬೆಂಗಳೂರು, ಅಹಮದಾಬಾದ್, ಕಲ್ಕತ್ತಾ ಐಐಎಂಗಳ ಎರಡು ವರ್ಷದ ಶುಲ್ಕ 20 ಲಕ್ಷ ದಾಟಿದೆ. 20 ಲಕ್ಷ ಸಾಲಕ್ಕೆ ಶೇ 9 ಬಡ್ಡಿಯಲ್ಲಿ 10 ವರ್ಷ ಕಟ್ಟಿದರೆ ತಿಂಗಳಿಗೆ ಸುಮಾರು 25 ಸಾವಿರ ಕಂತು. ಓದುವ ಎರಡು ವರ್ಷದ ಬಡ್ಡಿಯೇ ಎರಡೂವರೆ ಲಕ್ಷದ ಮೇಲೆ ಸೇರಿಕೊಳ್ಳುತ್ತದೆ. ಎರಡು ವರ್ಷ ಸಂಬಳ ಇಲ್ಲ, ಅದು 9 ಲಕ್ಷ. ದೊಡ್ಡ ಕಾಲೇಜಿನಿಂದ ಹೊರಬಂದವರು ಇಷ್ಟನ್ನೂ ತೀರಿಸಬಲ್ಲರು. ಆದರೆ 12 ಲಕ್ಷ ಸಾಲ ಮಾಡಿ ಒಂದು ಸಾಧಾರಣ ಕಾಲೇಜಿನಲ್ಲಿ ಓದಿ, ಕೈಗೆ 45 ಸಾವಿರದ ಕೆಲಸ ಸಿಕ್ಕಿದರೆ? 15 ಸಾವಿರ ಕಂತಿಗೆ ಹೋಗುತ್ತದೆ, ಉಳಿಯುವುದು 30. ಈಗಲೇ 38 ಬರುತ್ತಿದೆಯಲ್ಲ. ಈ ಸಾಲು ಬರೆದಾಗ ಅವಳ ಅಮ್ಮ "ಅಯ್ಯೋ, ಹಂಗಾದ್ರೆ ಯಾಕೆ?" ಎಂದರು. ಅಲ್ಲಿಯವರೆಗೆ ಅವರು ಮಾತೇ ಆಡಿರಲಿಲ್ಲ.

ಎಲ್ಲ ಒಳ್ಳೆಯ ಕಾಲೇಜೂ ದುಬಾರಿಯಲ್ಲ. ದೆಹಲಿ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ವಿಭಾಗವಾದ ಎಫ್‌ಎಂಎಸ್‌ನ ಶುಲ್ಕ ಐಐಎಂಗಳ ಮುಂದೆ ತುಂಬಾ ಕಡಿಮೆ. ನಮ್ಮ ರಾಜ್ಯದಲ್ಲಿ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಬರೆದು ವಿಶ್ವವಿದ್ಯಾಲಯದ ಎಂಬಿಎ ವಿಭಾಗ ಸೇರಿದರೆ ದೊಡ್ಡ ಸಾಲವೇ ಬೇಡ.

ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಇದು. ಫಲಿತಾಂಶ ಬರುವ ಮೊದಲೇ, ಅಂದರೆ ಈಗಲೇ, ಒಂದು ಹಾಳೆಯಲ್ಲಿ ಗೆರೆ ಎಳೆಯಿರಿ. ಯಾವ ಕಾಲೇಜು ಸಿಕ್ಕಿದರೆ ಪೂರ್ತಿ ಸಾಲ ಮಾಡಿ ಹೋಗುವುದು, ಯಾವುದು ಶುಲ್ಕ ಕಡಿಮೆ ಇದ್ದರೆ ಮಾತ್ರ, ಯಾವುದಕ್ಕೆ ಹೋಗುವುದೇ ಇಲ್ಲ. ಸೀಟು ಕೈಗೆ ಬಂದ ಮೇಲೆ ಮನಸ್ಸು ಚೌಕಾಸಿ ಶುರು ಮಾಡುತ್ತದೆ. ಇಷ್ಟು ಓದಿದ್ದು ವ್ಯರ್ಥವಾಗಬಾರದು ಅನಿಸುತ್ತದೆ, ನೆಂಟರಿಗೆ ಹೇಳಿಯಾಗಿರುತ್ತದೆ, ಮೊದಲ ಕಂತು ಕಟ್ಟಲು ಕೆಲವೇ ದಿನ ಇರುತ್ತದೆ. ಆಗ ಯಾರೂ ತಣ್ಣಗೆ ಯೋಚಿಸಲಾರರು. ಸಹನಾ ಹಾಳೆ ಬರೆದಳು, ಮೇಷ್ಟ್ರು ಓದಿ ಎರಡು ಹೆಸರು ಹೊಡೆದು ಸಹಿ ಹಾಕಿದರು.

ಅಮ್ಮನ ಹತ್ತಿರ ಬೇರೆಯಾಗಿ ಮಾತಾಡಿದೆ. ಮಗಳು ಓದುವುದಕ್ಕೆ ಅವರ ವಿರೋಧ ಇರಲಿಲ್ಲ. ಸಾಲ ಇರುವ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂಬ ಚಿಂತೆ. ಅದು ಹುಸಿ ಚಿಂತೆ ಎಂದು ನಾನು ತಳ್ಳಿಹಾಕಲಿಲ್ಲ, ಸಾಲ ಯಾರು ತೀರಿಸುವುದು ಎಂಬ ಮಾತು ಸಂಬಂಧಗಳಲ್ಲಿ ಬಂದೇ ಬರುತ್ತದೆ. ಅದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ, ಅದಕ್ಕೆ ಹಿಂದೆ ಸರಿಯುವವರು ಸರಿಯಲಿ ಎಂದೆ. ಮೇ ತಿಂಗಳವರೆಗೆ ಜಾತಕ ಯಾರಿಗೂ ಕೊಡುವುದಿಲ್ಲ ಎಂದು ಅವರೇ ಮಾತು ಕೊಟ್ಟರು.

ಇನ್ನೊಂದು ಕೆಲಸವನ್ನೂ ಸಹನಾಗೆ ಹೇಳಿದ್ದೆ. ಆಫೀಸಿನಲ್ಲಿ ಏನಾದರೂ ಒಂದನ್ನು ನಿನ್ನದಾಗಿ ಮಾಡಿಕೋ ಎಂದು. ಸಂದರ್ಶನದಲ್ಲಿ ಕೆಲಸದ ಬಗ್ಗೆ ಕೇಳುತ್ತಾರೆ. ಮೂರು ವರ್ಷ ಹೇಳಿದ್ದನ್ನು ಟೆಸ್ಟ್ ಮಾಡಿದೆ ಎಂದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಅವಳು ಹೂಂ ಎಂದಳು. ಆದರೆ ಓದಿನ ಭರದಲ್ಲಿ ಅದು ಹಿಂದೆ ಬಿತ್ತು.

ಕ್ಯಾಟ್‌ನಲ್ಲಿ 95 ಪರ್ಸೆಂಟೈಲ್ ಬಂತು, ಅಂದರೆ ಬರೆದ ನೂರರಲ್ಲಿ ಸುಮಾರು 95 ಜನರಿಗಿಂತ ಮುಂದೆ. ಕೆಲಸ ಮಾಡಿಕೊಂಡು ಓದಿದವಳಿಗೆ ಅದು ನಿಜಕ್ಕೂ ಒಳ್ಳೆಯ ಅಂಕ. ಗೆರೆಯ ಮೇಲಿನ ಒಂದು ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂತು. ನೀವು ಬಂದ ಮೇಲೆ ನಿಮ್ಮ ಟೀಮಿನಲ್ಲಿ ಏನು ಬದಲಾಯಿತು ಎಂದು ಅಲ್ಲಿ ಕೇಳಿದರಂತೆ. ಅವಳಿಗೆ ಹೇಳಲು ಏನೂ ತೋಚಲಿಲ್ಲ. ಸೀಟು ಸಿಗಲಿಲ್ಲ.

ಸಿಕ್ಕಿದ್ದು ಗೆರೆಯ ಕೆಳಗಿನ ಒಂದು ಕಾಲೇಜು. ಶುಲ್ಕ 14 ಲಕ್ಷ. ಮೇಷ್ಟ್ರು ನನಗೆ ಫೋನ್ ಮಾಡಿದರು. "ಬಂದ ಸೀಟು ಬಿಡೋದಾ ಮೇಡಂ?" ಹಾಳೆಯಲ್ಲಿ ಏನಿದೆ ಸರ್ ಎಂದು ಕೇಳಿದೆ. ಅವರು ಸುಮ್ಮನಾದರು. ಆ ಹೆಸರನ್ನು ಹೊಡೆದವರು ಅವರೇ. ನಿರ್ಧಾರ ಸಹನಾದೇ ಆಗಬೇಕು ಎಂದೆ. ಎರಡು ದಿನ ಬಿಟ್ಟು ಅವಳು ಬೇಡ ಎಂದಳು. ತುಂಬಾ ಅತ್ತಳು ಕೂಡ. ಸರಿಯಾದ ನಿರ್ಧಾರಕ್ಕೂ ನೋವು ಇರುತ್ತದೆ, ಅಳಬೇಡ ಎಂದು ನಾನು ಹೇಳಲಿಲ್ಲ.

ಕೆಲಸ ಇತ್ತಲ್ಲ, ಅದೇ ಅವಳನ್ನು ಹಿಡಿದು ನಿಲ್ಲಿಸಿತು. ಮೇ ತಿಂಗಳಲ್ಲೇ ಮ್ಯಾನೇಜರ್ ಹತ್ತಿರ ಹೋಗಿ ಬೇರೆ ಟೀಮ್ ಕೇಳಿದಳು. ಈಗ ಸರಕು ಸಾಗಣೆಯ ಒಂದು ಗ್ರಾಹಕ ಕಂಪನಿಯವರ ಜೊತೆ ಕೂತು ಅವರಿಗೆ ಏನು ಬೇಕು ಎಂದು ಬರೆದುಕೊಳ್ಳುವ ಕೆಲಸ. ಲಾರಿಗಳು ಖಾಲಿ ವಾಪಸ್ ಬರುವುದರಿಂದ ಎಷ್ಟು ದುಡ್ಡು ಹೋಗುತ್ತದೆ ಎಂದು ನನಗೆ ಅರ್ಧ ಗಂಟೆ ವಿವರಿಸಿದಳು. ಹಿಂದಿನ ವರ್ಷ ಅವಳು ಕೆಲಸದ ಬಗ್ಗೆ ಹೀಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಆಸಕ್ತಿ ಹುಟ್ಟಿದ ಮೇಲೆ ಎಂಬಿಎ ಆಸೆ ಹೋಗಬಹುದು ಎಂದುಕೊಂಡಿದ್ದೆ, ಅದು ಇನ್ನೂ ಗಟ್ಟಿಯಾಗಿದೆ. ಯಾವ ವಿಷಯ ಓದಬೇಕು ಎನ್ನುವುದೂ ಈಗ ಗೊತ್ತು.

ಮತ್ತೆ ಬರೆಯಲಾ, ಐದು ವರ್ಷ ತುಂಬಿಸಿ ಒಂದು ವರ್ಷದ ಕೋರ್ಸಿಗೆ ಹೋಗಲಾ ಎಂದು ಈ ಜುಲೈನಲ್ಲಿ ಕೇಳಿದಳು. ಎರಡಕ್ಕೂ ಬೆಲೆ ಇದೆ. ದೊಡ್ಡ ಸಂಸ್ಥೆಗಳ ಒಂದು ವರ್ಷದ ಕೋರ್ಸಿನ ಶುಲ್ಕ 30 ಲಕ್ಷ ದಾಟುತ್ತದೆ, ಆದರೆ ಸಂಬಳ ಹೋಗುವುದು ಒಂದೇ ವರ್ಷ. ಮುಂದಿನ ಜೂನ್‌ಗೆ ಅವಳ ಅನುಭವ ನಾಲ್ಕು ವರ್ಷ ದಾಟುತ್ತದೆ, ಎರಡು ವರ್ಷದ ಕೋರ್ಸಿಗೆ ಅದಕ್ಕಿಂತ ತಡ ಮಾಡುವುದು ಒಳ್ಳೆಯದಲ್ಲ. ಈ ಸಲ ಬರೆ ಎಂದೆ. ಬರೆಯುತ್ತಿದ್ದಾಳೆ. ಹಾಳೆಗೆ ಒಂದು ಸಾಲು ಸೇರಿಸಲು ಹೇಳಿದ್ದೇನೆ: ಈ ಸಲವೂ ಗೆರೆಯ ಮೇಲಿನ ಸೀಟು ಸಿಗದಿದ್ದರೆ ಐದು ವರ್ಷ ತುಂಬುವ ತನಕ ಮನೆಯಲ್ಲಿ ಯಾರೂ ಎಂಬಿಎ ಮಾತು ಎತ್ತುವಂತಿಲ್ಲ. ಮೇಷ್ಟ್ರು ಇನ್ನೂ ಸಹಿ ಹಾಕಿಲ್ಲ, ಭಾನುವಾರ ಊರಿಗೆ ಹೋದಾಗ ಹಾಕಿಸಿಕೊಳ್ಳುತ್ತೇನೆ ಎಂದಿದ್ದಾಳೆ.