ಪುಕ್ಕಟೆ ಪ್ರಯಾಣ, ಜೊತೆಗೊಂದು ಕೊಡೆ

ಪ್ರಶ್ನೆ: ಇತ್ತೀಚೆಗೆ ಓದಿದ ಕಥೆಯೊಂದರಲ್ಲಿ ಎರಡು ದೇಶಗಳ ನಡುವೆ ಪ್ರಯಾಣಿಕರನ್ನು ಸಾಗಿಸುವ ಕಾಲ್ಪನಿಕ ಹಡಗು ಕಂಪನಿಯೊಂದರ ಚರಿತ್ರೆ ಬರುತ್ತದೆ. ಅದನ್ನು ನೆಲಕಚ್ಚಿಸಲು ಎದುರಾಳಿ ಕಂಪನಿಯು ಜನರನ್ನು ಪುಕ್ಕಟೆಯಾಗಿ ಕರೆದೊಯ್ಯುತ್ತದೆ. ಇದು ಕಥೆಗಾರರ ಅತಿಶಯೋಕ್ತಿ ಎನಿಸಿತು. ನಿಜವಾಗಿ ಹೀಗೆ ನಡೆದದ್ದುಂಟೆ?
– ಶಿವಮೊಗ್ಗದ ಓದುಗರು

ಉತ್ತರ: ನಡೆದದ್ದುಂಟು, ಅದೂ ನಮ್ಮ ನೆರೆಯಲ್ಲೇ, ತಮಿಳುನಾಡಿನ ತೂತ್ತುಕುಡಿಗೂ ಶ್ರೀಲಂಕೆಯ ಕೊಲಂಬೊಗೂ ನಡುವಿನ ಕಡಲಿನಲ್ಲಿ ನಡೆದಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದ್ರಾಸಿನಿಂದ ಸಿಲೋನಿಗೆ ಹೊರಟವರು ರೈಲಿನಲ್ಲಿ ತೂತ್ತುಕುಡಿಗೆ ಬಂದು, ಅಲ್ಲಿಂದ ಹಡಗು ಹಿಡಿಯುತ್ತಿದ್ದರು. ಬಂದರಿನ ನೀರು ಆಳವಿಲ್ಲದ್ದರಿಂದ ದೊಡ್ಡ ಹಡಗುಗಳು ದಡದಿಂದ ಕೆಲವು ಮೈಲಿ ಆಚೆಯೇ ಲಂಗರು ಹಾಕುತ್ತಿದ್ದವು, ಜನರನ್ನೂ ಸರಕನ್ನೂ ದೋಣಿಗಳಲ್ಲಿ ಅಲ್ಲಿಗೆ ಮುಟ್ಟಿಸಬೇಕಾಗಿತ್ತು. ತೋಟಗಳಿಗೆ ಹೋಗುವ ಕೂಲಿಗಳು, ಅಕ್ಕಿ, ಬಟ್ಟೆಯ ವ್ಯಾಪಾರಿಗಳು ಎಲ್ಲರಿಗೂ ಇದೇ ದಾರಿ. ಈ ದಾರಿಯು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಿಡಿತದಲ್ಲಿತ್ತು. 1856ರಲ್ಲಿ ಕಲ್ಕತ್ತ–ಬರ್ಮಾ ನಡುವಣ ಸೇವೆಯಾಗಿ ಹುಟ್ಟಿದ್ದ ಆ ಸಂಸ್ಥೆ ಅಷ್ಟರಲ್ಲಿ ಹಿಂದೂ ಮಹಾಸಾಗರದ ಉದ್ದಗಲಕ್ಕೂ ಹಡಗು ಓಡಿಸುತ್ತಿತ್ತು.

ಅದಕ್ಕೆ ಎದುರಾಗಿ ನಿಂತವರು ವಕೀಲರಾಗಿದ್ದ ವಿ.ಓ. ಚಿದಂಬರಂ ಪಿಳ್ಳೆ. ಅವರ ಮುಂದಾಳುತನದಲ್ಲಿ 1906ರ ಅಕ್ಟೋಬರಿನಲ್ಲಿ ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿ ನೋಂದಣಿಯಾಯಿತು. ತಲಾ 25 ರೂಪಾಯಿಯ 40,000 ಷೇರುಗಳು, ಒಟ್ಟು 10 ಲಕ್ಷ ರೂಪಾಯಿ ಬಂಡವಾಳ. ಜಮೀನ್ದಾರ ಪಾಂಡಿತ್ತುರೈ ತೇವರ್ ಅಧ್ಯಕ್ಷರು. ಹಾಜಿ ಮಹಮ್ಮದ್ ಬಾಕಿರ್ ಸೇಟ್ ಒಬ್ಬರೇ 8,000 ಷೇರುಗಳನ್ನು, ಎಂದರೆ ಎರಡು ಲಕ್ಷ ರೂಪಾಯಿಯಷ್ಟನ್ನು ಕೊಂಡರು. ಬಂಗಾಳದ ವಿಭಜನೆಯ ತರುವಾಯ ದೇಶದಲ್ಲೆಲ್ಲ ಸ್ವದೇಶಿ ಬಟ್ಟೆ, ಸ್ವದೇಶಿ ಬೆಂಕಿಕಡ್ಡಿಯ ಮಾತು ನಡೆಯುತ್ತಿದ್ದ ಕಾಲವದು. ಕೈಮಗ್ಗವನ್ನು ಮನೆಯ ಮೂಲೆಯಲ್ಲಿ ಹೂಡಬಹುದು, ಆದರೆ ಹಡಗಿಗೆ ಲಕ್ಷಾಂತರ ರೂಪಾಯಿ ಬೇಕು, ಹೊರದೇಶದಿಂದಲೇ ತರಬೇಕು. ಇಷ್ಟು ತಿಳಿದೂ ಕೈಹಾಕಿದ ಆ ಧೈರ್ಯವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಮೊದಲಿಗೆ ಕಂಪನಿಗೆ ಸ್ವಂತ ಹಡಗಿರಲಿಲ್ಲ. ಷಾ ಲೈನ್ ಎಂಬ ಸಂಸ್ಥೆಯಿಂದ ಬಾಡಿಗೆಗೆ ಪಡೆದ ಹಡಗನ್ನು ಬ್ರಿಟಿಷ್ ಕಂಪನಿಯ ಒತ್ತಡಕ್ಕೆ ಸಿಕ್ಕಿದ ಮಾಲೀಕರು ಹಿಂದಕ್ಕೆ ಪಡೆದಾಗ, ಚಿದಂಬರಂ ಪಿಳ್ಳೆಯವರು ಸಿಲೋನಿನಿಂದ ಬೇರೊಂದನ್ನು ಬಾಡಿಗೆಗೆ ತಂದು ಸೇವೆ ನಿಲ್ಲದಂತೆ ನೋಡಿಕೊಂಡರು. ಬಾಡಿಗೆಯ ಹಡಗನ್ನು ನಂಬಿ ಕೂರಲಾಗದೆಂಬುದು ಅಲ್ಲಿಗೆ ಖಚಿತವಾಯಿತು. ಅವರು ಉತ್ತರ ಭಾರತಕ್ಕೆ ಹೋಗಿ, ತಿಲಕರಂಥ ನಾಯಕರ ನೆರವು ಪಡೆದು, ಫ್ರಾನ್ಸಿನಿಂದ ‘ಗ್ಯಾಲಿಯಾ’ ಮತ್ತು ‘ಲಾವೋ’ ಎಂಬ ಎರಡು ಹಡಗುಗಳನ್ನು ತರಿಸಿದರು. 1907ರಲ್ಲಿ ಅವು ತೂತ್ತುಕುಡಿಗೆ ಬಂದವು.

ನೀವು ಕೇಳಿದ ಸಂಗತಿ ಇಲ್ಲಿಂದ ಆರಂಭವಾಗುತ್ತದೆ. ಬ್ರಿಟಿಷ್ ಕಂಪನಿಯು ಪ್ರಯಾಣದರವನ್ನು ಒಂದು ರೂಪಾಯಿಗೆ ಇಳಿಸಿತು. ಸ್ವದೇಶಿ ಕಂಪನಿ ಎಂಟಾಣೆಗೆ ಇಳಿಸಿತು. ಆಗ ಬ್ರಿಟಿಷ್ ಕಂಪನಿ ಜನರನ್ನು ಪುಕ್ಕಟೆಯಾಗಿ ಒಯ್ಯಲು ಮುಂದಾಗಿ, ಜೊತೆಗೆ ಒಂದೊಂದು ಕೊಡೆಯನ್ನೂ ಕೊಡುತ್ತೇನೆಂದಿತು. ಹೀಗಿದ್ದೂ ದುಡ್ಡು ಕೊಟ್ಟು ಸ್ವದೇಶಿ ಹಡಗನ್ನೇ ಹತ್ತಿದವರಿದ್ದರು. ಇಂಥ ಪೈಪೋಟಿಗೆ ಇನ್ನೂ ಹಿಂದಿನ ಮಾದರಿಯೂ ಉಂಟು: 1880ರ ದಶಕದಲ್ಲಿ ರವೀಂದ್ರನಾಥ ಠಾಕೂರರ ಅಣ್ಣ ಜ್ಯೋತಿರಿಂದ್ರನಾಥರು ಪೂರ್ವ ಬಂಗಾಳದ (ಈಗಿನ ಬಾಂಗ್ಲಾದೇಶದ) ಬಾರಿಸಾಲದ ನದಿಯಲ್ಲಿ ಸ್ಟೀಮರ್ ಸೇವೆ ನಡೆಸಿ ಆಂಗ್ಲ ಕಂಪನಿಯೊಡನೆ ಸೆಣಸಿದಾಗ, ಪ್ರಯಾಣಿಕರಿಗೆ ಟಿಕೆಟ್ಟೂ ಇಲ್ಲ, ಮೇಲೆ ತಿಂಡಿಯ ಉಪಚಾರ ಬೇರೆ ಎಂಬಲ್ಲಿಗೆ ಅದು ಮುಟ್ಟಿದ್ದನ್ನು ರವೀಂದ್ರರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಆದ್ದರಿಂದ ನೀವು ಓದಿದ ಕಥೆಗಾರರನ್ನು ಉತ್ಪ್ರೇಕ್ಷೆಯ ಆರೋಪದಿಂದ ಬಿಡುಗಡೆ ಮಾಡಬಹುದು.

ಪ್ರಶ್ನೆ: ಸ್ವದೇಶಿ ಹಡಗು ಕಂಪನಿ ದರದ ಪೈಪೋಟಿಯಿಂದಲೇ ಮುಚ್ಚಿತೆ? ಜನರ ಬೆಂಬಲವಿದ್ದೂ ಅದು ಉಳಿಯಲಿಲ್ಲವೇಕೆ?
– ಧಾರವಾಡದ ಓದುಗರು

ಉತ್ತರ: ದರದ ಪೈಪೋಟಿ ಅದನ್ನು ಬಳಲಿಸಿತು, ಕೊಂದದ್ದು ಅದೊಂದೇ ಅಲ್ಲ. ಹಡಗು ತುಂಬಿ ಹೋದರೂ ಬರಿದಾಗಿ ಹೋದರೂ ಕಲ್ಲಿದ್ದಲಿನ ವೆಚ್ಚ, ನಾವಿಕರ ಸಂಬಳ, ಬಂದರಿನ ಶುಲ್ಕ ಕಡಿಮೆಯಾಗುವುದಿಲ್ಲ. ಹತ್ತಾರು ಮಾರ್ಗಗಳಿದ್ದ ಬ್ರಿಟಿಷ್ ಕಂಪನಿಗೆ ಒಂದು ಮಾರ್ಗದ ನಷ್ಟವನ್ನು ಉಳಿದವುಗಳ ಲಾಭದಲ್ಲಿ ತುಂಬಿಕೊಳ್ಳುವುದು ಸಾಧ್ಯವಿತ್ತು. ಬಂಡವಾಳವನ್ನೆಲ್ಲ ಎರಡು ಹಡಗುಗಳ ಮೇಲೆ ಹಾಕಿದ್ದ ಸ್ವದೇಶಿ ಕಂಪನಿಗೆ ಆ ಅನುಕೂಲವಿರಲಿಲ್ಲ. ಇದರ ಮೇಲೆ, ಸ್ಥಳೀಯ ಬ್ರಿಟಿಷ್ ಅಧಿಕಾರಿಗಳು ಎದುರಾಳಿಯ ಪಕ್ಷ ವಹಿಸುತ್ತಾರೆಂಬ ದೂರು ಆ ಕಾಲದಲ್ಲೇ ಇತ್ತು.

ನನ್ನ ಅಭಿಪ್ರಾಯದಲ್ಲಿ ನಿರ್ಣಾಯಕವಾದದ್ದು 1908ರ ಮಾರ್ಚ್ 12. ತೂತ್ತುಕುಡಿಯ ಕೋರಲ್ ಹತ್ತಿ ಗಿರಣಿಯ ಕಾರ್ಮಿಕರ ಮುಷ್ಕರವನ್ನು ಬೆಂಬಲಿಸಿ ಗೆಲ್ಲಿಸಿದ್ದ, ಬಂಗಾಳದ ಸ್ವದೇಶಿ ನಾಯಕ ಬಿಪಿನ್ ಚಂದ್ರ ಪಾಲರು ಸೆರೆಯಿಂದ ಬಿಡುಗಡೆಯಾದದ್ದನ್ನು ಬಹಿರಂಗವಾಗಿ ಆಚರಿಸಲು ಹೊರಟಿದ್ದ ಚಿದಂಬರಂ ಪಿಳ್ಳೆಯವರನ್ನೂ ಅವರ ಹೋರಾಟದ ಸಂಗಾತಿ ಸುಬ್ರಹ್ಮಣ್ಯ ಶಿವರನ್ನೂ ಆ ದಿನ ಬಂಧಿಸಲಾಯಿತು. ಮರುದಿನ ತಿರುನೆಲ್ವೇಲಿ ಹೊತ್ತಿ ಉರಿಯಿತು. ಜುಲೈ ತಿಂಗಳಲ್ಲಿ ನ್ಯಾಯಾಧೀಶ ಪಿನ್ಹೆಯವರು ಪಿಳ್ಳೆಯವರಿಗೆ ಎರಡು ಜೀವಾವಧಿ ಶಿಕ್ಷೆಗಳನ್ನು ವಿಧಿಸಿದರು. ಮೇಲ್ಮನವಿಯಲ್ಲಿ ಶಿಕ್ಷೆ ತಗ್ಗಿತಾದರೂ 1912ರ ಡಿಸೆಂಬರಿನವರೆಗೆ ಅವರು ಸೆರೆಯಲ್ಲೇ ಉಳಿದರು. ಕೊಯಮತ್ತೂರಿನ ಸೆರೆಮನೆಯಲ್ಲಿ ಎತ್ತಿನ ಬದಲಿಗೆ ಅವರನ್ನೇ ಗಾಣಕ್ಕೆ ಕಟ್ಟಿದರು. ಷೇರು ಮಾರಿದವರು, ಹಡಗು ತಂದವರು, ಜನರನ್ನು ಒಪ್ಪಿಸಿದವರು ಎಲ್ಲ ಒಬ್ಬರೇ ಆಗಿದ್ದ ಕಂಪನಿಯು ಆ ಒಬ್ಬರನ್ನು ಕಳೆದುಕೊಂಡು ನಡೆಯಲಾರದೆ ಹೋಯಿತು. 1911ರಲ್ಲಿ ಅದನ್ನು ಮುಚ್ಚಿದಾಗ ಅವರಿನ್ನೂ ಸೆರೆಯಲ್ಲಿದ್ದರು. ಒಬ್ಬರ ಹೆಗಲ ಮೇಲೆ ಅಷ್ಟನ್ನು ಹೊರಿಸಿದ್ದು ಕಂಪನಿಯ ದೌರ್ಬಲ್ಯವೆಂಬುದನ್ನು ಒಪ್ಪಲೇಬೇಕು. ಆದರೆ ಆ ದೌರ್ಬಲ್ಯವನ್ನು ಸರಿಪಡಿಸಿಕೊಳ್ಳಲು ಎರಡು ವರ್ಷದ ಕಾಲಾವಕಾಶವೂ ಅದಕ್ಕೆ ದೊರೆಯಲಿಲ್ಲ.

ಮುಂದೆ 1919ರಲ್ಲಿ ವಾಲಚಂದ್ ಹೀರಾಚಂದ್ ಮತ್ತು ಸಂಗಡಿಗರು ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಕಟ್ಟಿದಾಗಲೂ ಇದೇ ಬಗೆಯ ಪೈಪೋಟಿಯನ್ನು ಎದುರಿಸಬೇಕಾಯಿತು. ಅವರು ಕೈಯಲ್ಲಿ ಸಾಕಷ್ಟು ಬಂಡವಾಳ ಇಟ್ಟುಕೊಂಡು, 1923ರಲ್ಲಿ ಬ್ರಿಟಿಷ್ ಕಂಪನಿಯ ಕಠಿಣ ಷರತ್ತುಗಳಿಗೆ ಒಪ್ಪಿ ಕರಾವಳಿಯ ವ್ಯಾಪಾರಕ್ಕೆ ಸೀಮಿತರಾಗಿ ಉಳಿದುಕೊಂಡರು. ತೂತ್ತುಕುಡಿಯ ಕಂಪನಿಗೆ ಅಂಥ ಒಪ್ಪಂದ ಬೇಕಾಗಿರಲೂ ಇಲ್ಲ.

ಪ್ರಶ್ನೆ: ಆ ಮಾರ್ಗದಲ್ಲಿ ಈಗಲೂ ಹಡಗಿನಲ್ಲಿ ಶ್ರೀಲಂಕೆಗೆ ಹೋಗಬಹುದೆ?
– ಉಡುಪಿಯ ಓದುಗರು

ಉತ್ತರ: 1914ರಲ್ಲಿ ಪಾಂಬನ್ ಸೇತುವೆ ತೆರೆದು, ರೈಲು ಧನುಷ್ಕೋಟಿಯವರೆಗೆ ಹೋಗುವಂತಾದಾಗ ಪ್ರಯಾಣಿಕರು ಅಲ್ಲಿಂದ ಶ್ರೀಲಂಕೆಯ ದಡದ ತಲೈಮನ್ನಾರಿಗೆ ಹೋಗುವ ಕಿರುದಾರಿಯತ್ತ ಹೊರಳಿದರು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನೇ ಅಳಿಸಿಹಾಕಿದ ಮೇಲೆ ಹಡಗುಗಳು ರಾಮೇಶ್ವರದಿಂದ ಹೊರಡುತ್ತಿದ್ದವು. ಶ್ರೀಲಂಕೆಯ ಅಂತರ್ಯುದ್ಧದ ಆರಂಭದ ವರ್ಷಗಳಲ್ಲಿ ಅದೂ ನಿಂತಿತು. 2011ರ ಜೂನಿನಲ್ಲಿ ‘ಸ್ಕೋಷಿಯಾ ಪ್ರಿನ್ಸ್’ ಎಂಬ ಹಡಗು ತೂತ್ತುಕುಡಿ–ಕೊಲಂಬೊ ಮಾರ್ಗವನ್ನು ಮತ್ತೆ ತೆರೆಯಿತಾದರೂ ಕೆಲವೇ ತಿಂಗಳಲ್ಲಿ ಸೇವೆ ಕೊನೆಗೊಂಡಿತು. 2023ರ ಅಕ್ಟೋಬರಿನಲ್ಲಿ ನಾಗಪಟ್ಟಿಣದಿಂದ ಜಾಫ್ನಾ ಬಳಿಯ ಕಾಂಕೇಸಂತುರೈಗೆ ಪ್ರಯಾಣಿಕರ ಹಡಗು ಆರಂಭವಾಗಿ, ಕೆಲದಿನಗಳಲ್ಲೇ ನಿಂತು, 2024ರ ಆಗಸ್ಟಿನಲ್ಲಿ ‘ಶಿವಗಂಗೈ’ ಎಂಬ ಹಡಗಿನೊಂದಿಗೆ ಮರಳಿ ಚಾಲನೆ ಪಡೆಯಿತು. ಹವಾಮಾನ ಕೆಟ್ಟಾಗ ಈ ಸೇವೆಯನ್ನು ನಿಲ್ಲಿಸುತ್ತಾರಾದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೆಯದು. ತೂತ್ತುಕುಡಿಗೇ ಹೋಗುವವರಿಗೆ ಅಲ್ಲಿನ ದೊಡ್ಡ ಬಂದರಿನ ಹೆಸರು 2011ರಿಂದ ವಿ.ಓ. ಚಿದಂಬರನಾರ್ ಬಂದರು ಎಂದಿರುವುದು ಕಾಣಸಿಗುತ್ತದೆ.